ಒಂದು ದರ ಬದಲಾದರೆ ಇಡೀ ಪೇಜ್ ಯಾಕೆ ಅಲುಗಾಡಬೇಕು? ಪುಟ್ಟ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗಳು ಕೆಲಸ ಮಾಡುವ ಬಗೆ

ವೆಬ್ ಪೇಜ್ ಮಾಡಿಸಬೇಕೆಂದರೆ ಈಗ ಬೆಂಗಳೂರಿಗೆ ಫೋನ್ ಹಚ್ಚಬೇಕಾಗಿಲ್ಲ. ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗೆ ಒಂದು ಪೇಜ್ ಬೇಕು, ಪಿ.ಬಿ. ರಸ್ತೆಯ ಬಟ್ಟೆ ಅಂಗಡಿಗೆ ಒಂದು ಬೇಕು, ಮನೆ ಮಹಡಿಯ ಮೇಲೆ ನಡೆಯುವ ಟ್ಯೂಷನ್ನಿಗೂ ಒಂದು ಬೇಕು. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೋ ಹುಡುಗಿಯೋ ಇದ್ದರೆ ಕೆಲಸ ಅವರ ತಲೆಗೆ ಬೀಳುತ್ತದೆ. ಇಲ್ಲದಿದ್ದರೆ ಎಐ ಇದ್ದೇ ಇದೆ, ಕನ್ನಡದಲ್ಲಿ ಕೇಳಿದರೂ ಕೋಡ್ ಬರೆದು ಕೊಡುತ್ತದೆ.

ತಲೆನೋವು ಶುರುವಾಗುವುದು ಆಮೇಲೆ. ಹಾಗೆ ಬಂದ ಕೋಡನ್ನು ತೆರೆದು ನೋಡಿದರೆ ಕಾಂಪೊನೆಂಟ್, ಸ್ಟೇಟ್, ರೆಂಡರ್, ವರ್ಚುವಲ್ ಡಾಮ್ ಅಂತ ಏನೇನೋ ಇರುತ್ತದೆ, ಜೊತೆಗೆ ಒಂದು ಫೋಲ್ಡರಿನಲ್ಲಿ ಸಾವಿರಾರು ಫೈಲ್ ತುಂಬಿಕೊಂಡಿರುತ್ತವೆ, ಯಾವುದನ್ನು ಮುಟ್ಟಿದರೆ ಯಾವುದು ಕೆಡುತ್ತದೋ ಅನ್ನುವ ಭಯ ಬೇರೆ. ನಾಲ್ಕು ಬೆಳೆಯ ದರ ತೋರಿಸುವ ಪೇಜಿಗೆ ಇಷ್ಟೆಲ್ಲ ಬೇಕಾ? ಇಷ್ಟು ಬೇಕಾಗಿಲ್ಲ. ಆದರೆ ಇದರೊಳಗಿನ ಒಂದು ಐಡಿಯಾ ಮಾತ್ರ ನಿಜಕ್ಕೂ ಉಪಯೋಗದ್ದು. ಆ ಐಡಿಯಾವನ್ನು ಕೆಲವೇ ಕೆಬಿಯಲ್ಲಿ ಮಾಡಿ ತೋರಿಸುವ ಪುಟ್ಟ ಫ್ರೇಮ್‌ವರ್ಕ್‌ಗಳಿವೆ, ಅಂದರೆ ಪೇಜ್ ಕಟ್ಟುವುದಕ್ಕೆ ಮೊದಲೇ ಬರೆದಿಟ್ಟ ಕೋಡಿನ ಚೌಕಟ್ಟುಗಳು. ಪ್ರಿಯಾಕ್ಟ್, ಮಿಥ್ರಿಲ್, ಸ್ವೆಲ್ಟ್ ಇವೆಲ್ಲ ಆ ಸಾಲಿನವು. ಇವು ಏನು ಮಾಡುತ್ತವೆ ಅನ್ನುವುದನ್ನು ಬುಡದಿಂದ ನೋಡೋಣ. ಕೋಡಿಂಗ್ ಗೊತ್ತಿರಲೇಬೇಕು ಅಂತೇನಿಲ್ಲ.

## ಮೊದಲು ಬ್ರೌಸರ್ ಏನು ಮಾಡುತ್ತದೆ

ಒಂದು ಪೇಜಿನಲ್ಲಿ ಮೂರು ಭಾಷೆ ಸೇರಿರುತ್ತವೆ. ಇದು ತಲೆಬರಹ, ಇದು ಪಟ್ಟಿ, ಇದು ಬಟನ್ ಅಂತ ಹೇಳುವುದು ಎಚ್‌ಟಿಎಂಎಲ್. ಬಣ್ಣ, ಅಳತೆ, ಜಾಗ ಎಲ್ಲ ಸಿಎಸ್‌ಎಸ್. ಒತ್ತಿದಾಗ ಏನಾಗಬೇಕು, ಟೈಪ್ ಮಾಡಿದಾಗ ಏನಾಗಬೇಕು ಅನ್ನುವುದು ಜಾವಾಸ್ಕ್ರಿಪ್ಟ್.

ಟಿಮ್ ಬರ್ನರ್ಸ್-ಲೀ 1989ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್ ಬಗ್ಗೆ ಮೊದಲು ಪ್ರಸ್ತಾವ ಬರೆದಾಗ ತಲೆಯಲ್ಲಿದ್ದದ್ದು ಓದುವ ದಾಖಲೆಗಳು. ಒಂದರಿಂದ ಇನ್ನೊಂದಕ್ಕೆ ಕೊಂಡಿ, ಅಷ್ಟೇ. ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದು ಮುಗಿಸಿದರು. ಓದುವುದಕ್ಕೆಂದು ಹುಟ್ಟಿದ ಪೇಜಿನ ಮೇಲೆ ಲೆಕ್ಕ ಮಾಡುವ, ಬದಲಾಗುತ್ತಲೇ ಇರುವ ಆ್ಯಪ್‌ಗಳನ್ನು ಕೂರಿಸಿದ್ದು ಆಮೇಲಿನ ಕಥೆ. ಈಗಿನ ಅರ್ಧ ಗೋಜಲಿಗೆ ಅದೇ ಕಾರಣ.

ಎಚ್‌ಟಿಎಂಎಲ್ ಬಂದ ತಕ್ಷಣ ಬ್ರೌಸರ್ ಅದನ್ನು ಓದಿ ತನ್ನ ಮೆಮೊರಿಯಲ್ಲಿ ಒಂದು ಮರ ಕಟ್ಟಿಕೊಳ್ಳುತ್ತದೆ. ಪೇಜ್ ಬೇರು, ಅದರೊಳಗೆ ಪಟ್ಟಿ, ಪಟ್ಟಿಯೊಳಗೆ ಸಾಲುಗಳು, ಸಾಲಿನೊಳಗೆ ಮನೆಗಳು. ಈ ಮರಕ್ಕೆ ಡಾಮ್ ಅನ್ನುತ್ತಾರೆ. ಇದರ ಮೊದಲ ಸ್ಟ್ಯಾಂಡರ್ಡ್ 1998ರಲ್ಲಿ ಬಂತು. ಮರಕ್ಕೆ ಸಿಎಸ್‌ಎಸ್ ಸೇರಿಸಿ, ಯಾವುದು ಎಷ್ಟು ಅಗಲ, ಎಷ್ಟು ಎತ್ತರ, ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುತ್ತದೆ. ಇದು ಲೇಔಟ್. ಕೊನೆಗೆ ಬಣ್ಣ ತುಂಬಿ ಪರದೆಗೆ ತರುತ್ತದೆ, ಅದು ಪೇಂಟ್.

ಜಾವಾಸ್ಕ್ರಿಪ್ಟ್ ಪೇಜನ್ನು ಬದಲಿಸುತ್ತದೆ ಅಂದರೆ ಈ ಡಾಮ್ ಮರವನ್ನು ಬದಲಿಸುತ್ತದೆ ಅಂತ. ಮರ ಅಲುಗಿದರೆ ಲೇಔಟ್ ಮತ್ತೆ ಆಗಬೇಕಾಗಬಹುದು, ಪೇಂಟ್ ಮತ್ತೆ ಆಗಬೇಕಾಗಬಹುದು. ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಒಂದು ಸಲಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಮುಗಿದರೆ ಪೇಜ್ ನುಣ್ಣಗೆ ಓಡುತ್ತದೆ, ಮುಗಿಯದಿದ್ದರೆ ಬೆರಳಿಟ್ಟು ಎಳೆದಾಗ ತಡವರಿಸುತ್ತದೆ.

## ಕೈಯಿಂದಲೇ ಬದಲಿಸಿದರೆ ಏನು ಕಷ್ಟ

ಒಂದು ಉದಾಹರಣೆ ಹಿಡಿದುಕೊಳ್ಳೋಣ. ದೀಪಾವಳಿ ಸುಮಾರಿಗೆ ಮೆಕ್ಕೆಜೋಳ ಯಾರ್ಡಿಗೆ ಬರತೊಡಗಿದಾಗ ರೈತರು ಫೋನಿನಲ್ಲಿ ನೋಡುವಂಥ ಒಂದು ದರದ ಪೇಜ್. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಇವತ್ತಿನ ಮೆಕ್ಕೆಜೋಳದ ದರ. ಅದರ ಕೆಳಗೆ ಪಟ್ಟಿ: ಮೆಕ್ಕೆಜೋಳ, ಭತ್ತ, ಶೇಂಗಾ. ಪ್ರತಿ ಸಾಲಿನಲ್ಲಿ ಎಷ್ಟು ಕ್ವಿಂಟಲ್ ಅಂತ ತುಂಬುವ ಒಂದು ಪೆಟ್ಟಿಗೆ, ಪಕ್ಕದಲ್ಲಿ ಒಟ್ಟು ಎಷ್ಟಾಯಿತು ಅನ್ನುವ ಮೊತ್ತ.

ಮೆಕ್ಕೆಜೋಳ ಕ್ವಿಂಟಲಿಗೆ 2,100 ರೂಪಾಯಿ ಇದ್ದದ್ದು 2,150 ಆಯಿತು ಅನ್ನಿ. ಇದು ಸುಮ್ನೆ ಲೆಕ್ಕಕ್ಕೆ ಹಿಡಿದ ಅಂಕಿ, ನಿಜದ ದರ ಅಲ್ಲ. ಬದಲಾದದ್ದು ಒಂದೇ ಸಂಖ್ಯೆ. ಆದರೆ ಪರದೆಯಲ್ಲಿ ಅದು ಮೂರು ಕಡೆ ಬದಲಾಗಬೇಕು: ಮೇಲಿನ ದಪ್ಪ ಅಕ್ಷರದಲ್ಲಿ, ಪಟ್ಟಿಯ ಸಾಲಿನಲ್ಲಿ, ಒಟ್ಟು ಮೊತ್ತದಲ್ಲಿ. ಹಳೆಯ ಪದ್ಧತಿಯಲ್ಲಿ ಕೋಡ್ ಬರೆಯುವವರು ಮೂರೂ ಜಾಗವನ್ನು ಹೆಸರು ಹಿಡಿದು ಹುಡುಕಿ ಒಂದೊಂದಾಗಿ ಬದಲಿಸಬೇಕಿತ್ತು. 2006ರಲ್ಲಿ ಜಾನ್ ರೆಸಿಗ್ ತಂದ ಜೆಕ್ವೆರಿ ಈ ಹುಡುಕುವ ಕೆಲಸವನ್ನು ತುಂಬಾ ಸಲೀಸು ಮಾಡಿತು. ಆದರೆ ನೆನಪಿಟ್ಟುಕೊಳ್ಳುವ ಕೆಲಸ ಮನುಷ್ಯರದ್ದೇ ಆಗಿ ಉಳಿಯಿತು.

ಮೂರರಲ್ಲಿ ಒಂದು ಜಾಗ ಮರೆತರೆ? ಮೇಲೆ 2,150 ಅಂತ ಕಾಣುತ್ತದೆ, ಕೆಳಗೆ ಮೊತ್ತ 2,100ರ ಲೆಕ್ಕದಲ್ಲೇ ನಿಂತಿರುತ್ತದೆ. 40 ಕ್ವಿಂಟಲಿಗೆ 2,000 ರೂಪಾಯಿ ವ್ಯತ್ಯಾಸ. ಅಂಗಡಿ ಮುಂದೆ ಜಗಳ ಆಗುವುದಕ್ಕೆ ಇಷ್ಟು ಸಾಕು ಅಲ್ವಾ. ಪೇಜ್ ದೊಡ್ಡದಾಗುತ್ತಾ ಹೋದಂತೆ ಮರೆಯುವ ಜಾಗಗಳೂ ಜಾಸ್ತಿ ಆಗುತ್ತವೆ.

## ಐಡಿಯಾ ಇಷ್ಟೇ

ಫ್ರೇಮ್‌ವರ್ಕ್‌ಗಳು ಈ ಕೆಲಸವನ್ನು ತಿರುಗಿಸಿ ಹಾಕಿದವು. ಯಾವ ಜಾಗವನ್ನು ಹೇಗೆ ಬದಲಿಸಬೇಕು ಅಂತ ನೀವು ಹೇಳುವುದೇ ಬೇಡ. ಡೇಟಾ ಹೀಗಿದ್ದರೆ ಪರದೆ ಹೀಗೆ ಕಾಣಬೇಕು, ಇಷ್ಟನ್ನು ಹೇಳಿ. ಡೇಟಾ ಬದಲಾದಾಗ ಪರದೆಯನ್ನು ಸರಿ ಮಾಡಿಕೊಳ್ಳುವುದು ಫ್ರೇಮ್‌ವರ್ಕಿನ ಜವಾಬ್ದಾರಿ.

ಇಲ್ಲಿ ಬರುವ ಪದಗಳು ಕಷ್ಟದವೇನಲ್ಲ. ಆ ಕ್ಷಣಕ್ಕೆ ಪೇಜಿಗೆ ಗೊತ್ತಿರುವ ಮಾಹಿತಿ ಸ್ಟೇಟ್. ನಮ್ಮ ಪೇಜಿನಲ್ಲಿ ದರಗಳು, ತುಂಬಿದ ಕ್ವಿಂಟಲ್‌ಗಳು, ಅಷ್ಟೇ. ಸ್ಟೇಟನ್ನು ಪರದೆಯ ರೂಪಕ್ಕೆ ತರುವುದು ರೆಂಡರ್. ಪರದೆಯ ಒಂದು ತುಂಡನ್ನು ತೋರಿಸುವ ಕೋಡು ಕಾಂಪೊನೆಂಟ್. ಒಂದು ಬೆಳೆಯ ಸಾಲು ಒಂದು ಕಾಂಪೊನೆಂಟ್, ಅಂಥ ಸಾಲುಗಳು ಸೇರಿದ ಪಟ್ಟಿ ಇನ್ನೊಂದು. ಒಮ್ಮೆ ಬರೆದ ಸಾಲನ್ನು ಮೂರು ಬೆಳೆಗೂ ಬಳಸಬಹುದು, ಮೂವತ್ತಕ್ಕೂ ಬಳಸಬಹುದು.

ಹಾಗಾದರೆ ಡೇಟಾ ಬದಲಾದಾಗಲೆಲ್ಲ ಇಡೀ ಪೇಜನ್ನು ಅಳಿಸಿ ಮತ್ತೆ ಬರೆದರೆ ಆಗಲ್ಲವೇ? ಆಗುತ್ತದೆ, ಆದರೆ ನಿಧಾನ. ಅದಕ್ಕಿಂತ ಕೆಟ್ಟದ್ದೇನೆಂದರೆ, ಯಾರೋ ಕ್ವಿಂಟಲ್ ತುಂಬುತ್ತಾ ಇದ್ದರೆ ಅವರು ಟೈಪ್ ಮಾಡಿದ್ದು ಹೋಗುತ್ತದೆ, ಕರ್ಸರ್ ಹೋಗುತ್ತದೆ, ಪಟ್ಟಿಯನ್ನು ಕೆಳಗೆ ಎಳೆದಿದ್ದರೆ ಅದೂ ಮೊದಲಿನ ಜಾಗಕ್ಕೆ ಹಾರುತ್ತದೆ.

ಯಾರ್ಡಿನ ಗೋಡೆಗೆ ದರದ ಕಪ್ಪು ಹಲಗೆ ಇದೆ ಅಂದುಕೊಳ್ಳಿ. ಗುಮಾಸ್ತರ ಕೈಯಲ್ಲಿ ಒಂದು ನೋಟ್‌ಬುಕ್. ಹೊಸ ದರ ಬಂದಾಗ ಅವರು ಮೊದಲು ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಇಡೀ ಪಟ್ಟಿ ಬರೆದುಕೊಳ್ಳುತ್ತಾರೆ, ಹಿಂದಿನ ಹಾಳೆಯ ಪಕ್ಕ ಇಟ್ಟು ನೋಡುತ್ತಾರೆ, ಮೆಕ್ಕೆಜೋಳದ ಅಂಕಿ ಮಾತ್ರ ಬೇರೆ ಅಂತ ಗೊತ್ತಾದ ಮೇಲೆ ಹಲಗೆಯ ಹತ್ತಿರ ಹೋಗಿ ಆ ಅಂಕಿಯನ್ನಷ್ಟೇ ಒರೆಸಿ ಬರೆಯುತ್ತಾರೆ. ಹಾಳೆಯಲ್ಲಿ ಬರೆಯುವುದು ಬೇಗ ಆಗುವ ಕೆಲಸ, ಹಲಗೆ ಒರೆಸುವುದು ನಿಧಾನದ ಕೆಲಸ. ಹಲಗೆ ಅಂದರೆ ಡಾಮ್. ಆ ನೋಟ್‌ಬುಕ್ಕಿನ ಹಾಳೆಯೇ ವರ್ಚುವಲ್ ಡಾಮ್.

ಈ ಪದ್ಧತಿ ಎಲ್ಲರಿಗೂ ಗೊತ್ತಾದದ್ದು ರಿಯಾಕ್ಟ್‌ನಿಂದ. ಫೇಸ್‌ಬುಕ್‌ನಲ್ಲಿ ಜೋರ್ಡನ್ ವಾಕ್ ಶುರು ಮಾಡಿದ ಇದನ್ನು ಕಂಪನಿ 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಮರುವರ್ಷ ಇವಾನ್ ಯೂ ಅವರ ವ್ಯೂ ಬಂತು, ಲಿಯೋ ಹೋರಿ ಅವರ ಮಿಥ್ರಿಲ್ ಬಂತು. 2015ರಲ್ಲಿ ಜೇಸನ್ ಮಿಲ್ಲರ್ ರಿಯಾಕ್ಟ್ ತರಹವೇ ನಡೆದುಕೊಳ್ಳುವ ಆದರೆ ತೀರಾ ಪುಟ್ಟದಾದ ಪ್ರಿಯಾಕ್ಟ್ ಬರೆದರು.

## ಆ ಹಾಳೆ ಹೇಗಿರುತ್ತದೆ

ವರ್ಚುವಲ್ ಡಾಮ್ ಅಂದ ತಕ್ಷಣ ಏನೋ ದೊಡ್ಡ ಯಂತ್ರ ಅನ್ನಿಸುತ್ತದೆ. ಅದು ಬರೀ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್. ಟ್ಯಾಗಿನ, ಅಂದರೆ ಸಾಲು, ಪಟ್ಟಿ, ಬಟನ್ ಅಂತ ಹೇಳುವ ಎಚ್‌ಟಿಎಂಎಲ್ ಗುರುತಿನ ಹೆಸರು, ಅದರ ಗುಣಗಳು, ಅದರೊಳಗಿನ ಮಕ್ಕಳು, ಈ ಮೂರು ಇದ್ದರೆ ಮುಗಿಯಿತು. ಮಿಥ್ರಿಲ್‌ನಲ್ಲಿ ಇದನ್ನು ಮಾಡಿ ಕೊಡುವುದು ಎಮ್ ಅನ್ನುವ ಒಂದಕ್ಷರದ ಫಂಕ್ಷನ್. ಒಂದು ಬೆಳೆಯ ಸಾಲು ಹೀಗಿರಬಹುದು:

ಸಾಲು = (ಬೆಳೆ) => ಎಮ್("ಸಾಲು", [
  ಎಮ್("ಮನೆ", ಬೆಳೆ.ಹೆಸರು),
  ಎಮ್("ಮನೆ", ಬೆಳೆ.ದರ)
])

ಪಟ್ಟಿ = (ಬೆಳೆಗಳು) => ಎಮ್("ಪಟ್ಟಿ", ಬೆಳೆಗಳು.ನಕ್ಷೆ(ಸಾಲು))

ಎಮ್ ಅನ್ನೂ ಟ್ಯಾಗುಗಳ ಹೆಸರನ್ನೂ ನಕ್ಷೆ ಅನ್ನುವ ಒಳಫಂಕ್ಷನ್ನನ್ನೂ ಓದುವುದಕ್ಕೆ ಸುಲಭವಾಗಲಿ ಅಂತ ನಾನೇ ಕನ್ನಡಕ್ಕೆ ತಂದಿದ್ದೇನೆ, ನಿಜವಾದ ಕೋಡಿನಲ್ಲಿ ಅವು ಇಂಗ್ಲಿಷಿನಲ್ಲೇ ಇರಬೇಕು. ಆದರೆ ಸಾಲು, ಬೆಳೆ, ದರ ಅಂತ ನಾವು ಇಡುವ ಹೆಸರುಗಳು ಕನ್ನಡದಲ್ಲಿದ್ದರೂ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಈ ಕೋಡಿನಲ್ಲಿ ಹುಡುಕು, ಬದಲಿಸು ಅನ್ನುವ ಒಂದು ಆಜ್ಞೆಯೂ ಇಲ್ಲ. ಬೆಳೆ ಕೊಟ್ಟರೆ ಸಾಲು, ಬೆಳೆಗಳನ್ನು ಕೊಟ್ಟರೆ ಪಟ್ಟಿ. ದರ ಯಾವಾಗ ಬದಲಾಯಿತು, ಮೊದಲು ಎಷ್ಟಿತ್ತು ಅನ್ನುವುದು ಇದಕ್ಕೆ ಬೇಕಾಗಿಲ್ಲ. ರಿಯಾಕ್ಟ್ ಮತ್ತು ಪ್ರಿಯಾಕ್ಟ್‌ನಲ್ಲಿ ಇದೇ ಕೆಲಸಕ್ಕೆ ಜೆಎಸ್‌ಎಕ್ಸ್ ಅನ್ನುವ, ಎಚ್‌ಟಿಎಂಎಲ್‌ನಂತೆ ಕಾಣುವ ಬರವಣಿಗೆ ಬಳಸುತ್ತಾರೆ. ಬ್ರೌಸರಿಗೆ ಅದು ನೇರವಾಗಿ ಅರ್ಥವಾಗುವುದಿಲ್ಲ, ಮೊದಲು ಇನ್ನೊಂದು ಟೂಲ್ ಅದನ್ನು ಮೇಲಿನಂಥ ಫಂಕ್ಷನ್ ಕರೆಗಳಾಗಿ ಬದಲಿಸಬೇಕು. ಆ ಸಾವಿರಾರು ಫೈಲಿನ ಫೋಲ್ಡರ್‌ನಲ್ಲಿ ದೊಡ್ಡ ಪಾಲು ಇಂಥ ಟೂಲ್‌ಗಳದ್ದೇ. ಅವು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ, ನೋಡುವವರ ಫೋನಿಗೆ ಹೋಗುವುದಿಲ್ಲ, ಗಾಬರಿ ಬೇಡ.

## ಹೋಲಿಸುವಾಗ ಎಲ್ಲಿ ಎಡವುತ್ತದೆ

ಎರಡು ಮರಗಳನ್ನು ಪೂರ್ತಿ ಕರಾರುವಾಕ್ಕಾಗಿ ಹೋಲಿಸುವುದು ತುಂಬಾ ದುಬಾರಿ ಲೆಕ್ಕ. ಅದಕ್ಕೇ ಫ್ರೇಮ್‌ವರ್ಕ್‌ಗಳು ಸುಲಭದ ದಾರಿ ಹಿಡಿಯುತ್ತವೆ. ಅದೇ ಜಾಗದಲ್ಲಿ ಟ್ಯಾಗ್ ಬೇರೆಯಾಗಿದ್ದರೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತವೆ. ಟ್ಯಾಗ್ ಅದೇ ಇದ್ದರೆ ಅದನ್ನೇ ಉಳಿಸಿಕೊಂಡು ಒಳಗಿನ ಬದಲಾವಣೆಯಷ್ಟೇ ಮಾಡುತ್ತವೆ. ಪಟ್ಟಿಗಳಲ್ಲಿ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಸಾಲಾಗಿ ಹೋಲಿಸುತ್ತವೆ. ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪಟ್ಟಿಯಲ್ಲಿ ಮೆಕ್ಕೆಜೋಳ, ಭತ್ತ, ಶೇಂಗಾ ಇವೆ. ಒಬ್ಬರು ಮೆಕ್ಕೆಜೋಳದ ಪೆಟ್ಟಿಗೆಯಲ್ಲಿ 40 ಅಂತ ತುಂಬಿದ್ದಾರೆ. ಅಷ್ಟರಲ್ಲಿ ಹತ್ತಿಯ ದರ ಬಂತು, ಪಟ್ಟಿಯ ಎಲ್ಲಕ್ಕಿಂತ ಮೇಲೆ ಹತ್ತಿಯ ಸಾಲು ಸೇರಿತು. ಫ್ರೇಮ್‌ವರ್ಕ್ ಜಾಗ ನೋಡಿ ಹೋಲಿಸುತ್ತದೆ: ಮೊದಲ ಸಾಲಿನಲ್ಲಿ ಮೆಕ್ಕೆಜೋಳ ಇತ್ತು, ಈಗ ಹತ್ತಿ ಇದೆ, ಸಾಲು ಅನ್ನುವ ಟ್ಯಾಗ್ ಅದೇ, ಸರಿ, ಹೆಸರು ಮತ್ತು ದರ ಬದಲಿಸಿದರಾಯಿತು. ಎರಡನೆಯದು ಭತ್ತ ಇದ್ದದ್ದು ಮೆಕ್ಕೆಜೋಳ ಆಯಿತು, ಮೂರನೆಯದು ಶೇಂಗಾ ಇದ್ದದ್ದು ಭತ್ತ ಆಯಿತು, ಕೊನೆಗೆ ಶೇಂಗಾಕ್ಕೆ ಹೊಸ ಸಾಲು. ಆದರೆ 40 ಅನ್ನುವ ಸಂಖ್ಯೆ ನಿಮ್ಮ ಸ್ಟೇಟಿನಲ್ಲಿ ಇರಲಿಲ್ಲ, ಬ್ರೌಸರಿನ ಮೊದಲ ಪೆಟ್ಟಿಗೆಯೊಳಗೆ ಇತ್ತು. ಆ ಪೆಟ್ಟಿಗೆ ಜಾಗ ಬಿಟ್ಟು ಕದಲಲೇ ಇಲ್ಲ. ಈಗ ಪರದೆಯಲ್ಲಿ ನೋಡಿದರೆ ಹತ್ತಿಯ ಮುಂದೆ 40 ಕ್ವಿಂಟಲ್!

ಇದಕ್ಕೆ ಮದ್ದು ಕೀ. ಪ್ರತಿ ಸಾಲಿಗೂ ಬದಲಾಗದ ಒಂದು ಗುರುತು ಕೊಡುವುದು. ಮೆಕ್ಕೆಜೋಳಕ್ಕೆ ಒಂದು, ಭತ್ತಕ್ಕೆ ಒಂದು. ಆಗ ಫ್ರೇಮ್‌ವರ್ಕ್ ಜಾಗ ಬಿಟ್ಟು ಗುರುತು ನೋಡುತ್ತದೆ, ಮೆಕ್ಕೆಜೋಳದ ಸಾಲನ್ನು ಪೆಟ್ಟಿಗೆ ಸಮೇತ ಕೆಳಗಿಳಿಸಿ ಮೇಲೆ ಹತ್ತಿಗೆ ಹೊಸ ಸಾಲು ಮಾಡುತ್ತದೆ. ತುಂಬಾ ಜನ ಮಾಡುವುದೇನೆಂದರೆ, ಕೀ ಇಲ್ಲ ಅನ್ನುವ ಎಚ್ಚರಿಕೆಯ ಮೆಸೇಜ್ ತೊಲಗಲಿ ಅಂತ 0, 1, 2 ಎಂದು ಸಾಲಿನ ಕ್ರಮಸಂಖ್ಯೆಯನ್ನೇ ಕೀ ಮಾಡಿಬಿಡುತ್ತಾರೆ. ಅದು ಜಾಗವನ್ನೇ ಇನ್ನೊಂದು ಹೆಸರಿನಲ್ಲಿ ಕೊಟ್ಟಂತೆ, ತೊಂದರೆ ಹಾಗೇ ಉಳಿಯುತ್ತದೆ. ಎಐ ಬರೆದ ಕೋಡಿನಲ್ಲೂ ಇದನ್ನು ಒಮ್ಮೆ ಹುಡುಕಿ ನೋಡಿ. ಕ್ವಿಂಟಲನ್ನೂ ಸ್ಟೇಟಿನಲ್ಲೇ, ಬೆಳೆಯ ಹೆಸರಿನ ಜೊತೆ ಇಟ್ಟುಕೊಂಡರೆ ಇನ್ನೂ ಗಟ್ಟಿ.

## ಬದಲಾಯಿತು ಅಂತ ಅದಕ್ಕೆ ಗೊತ್ತಾಗುವುದು ಹೇಗೆ

ಇದರಲ್ಲಿ ಒಂದೊಂದು ಫ್ರೇಮ್‌ವರ್ಕಿನದು ಒಂದೊಂದು ದಾರಿ.

ಮಿಥ್ರಿಲ್‌ನದು ಸರಳ. ಪೇಜಿನಲ್ಲಿ ಯಾರಾದರೂ ಬಟನ್ ಒತ್ತಿದರೆ, ಟೈಪ್ ಮಾಡಿದರೆ, ಅಥವಾ ಅದರದ್ದೇ ರಿಕ್ವೆಸ್ಟ್ ಫಂಕ್ಷನ್ ಮೂಲಕ ಸರ್ವರಿನಿಂದ ಡೇಟಾ ಬಂದರೆ, ಏನೋ ಬದಲಾಗಿರಬಹುದು ಅಂತ ಇಡೀ ಹಾಳೆಯನ್ನು ಮತ್ತೆ ಬರೆದು ಹೋಲಿಸುತ್ತದೆ. ನೀವು ಏನೂ ಹೇಳಬೇಕಾಗಿಲ್ಲ. ಆದರೆ ನಿಮಿಷಕ್ಕೊಮ್ಮೆ ದರ ತರುವುದಕ್ಕೆ ಟೈಮರ್ ಇಟ್ಟು ಡೇಟಾ ತರಿಸುವ ಬ್ರೌಸರಿನ ಸ್ವಂತ ಫಂಕ್ಷನ್ ಫೆಚ್ ಬಳಸಿದರೆ ಅದಕ್ಕೆ ಸುಳಿವೇ ಸಿಗುವುದಿಲ್ಲ. ದರ ಬಂದಿರುತ್ತದೆ, ಪರದೆಯಲ್ಲಿ ಹಳೆಯದೇ ಇರುತ್ತದೆ, ಪೇಜಿನ ಯಾವುದಾದರೂ ಬಟನ್ ಒತ್ತಿದ ತಕ್ಷಣ ಹೊಸದು ಕಾಣಿಸಿಕೊಳ್ಳುತ್ತದೆ. ಇಂಥ ವಿಚಿತ್ರ ಕಂಡರೆ ರೀಡ್ರಾ ಅನ್ನುವ ಒಂದು ಕರೆ ಸೇರಿಸಿದರೆ ಸರಿಹೋಗುತ್ತದೆ.

ರಿಯಾಕ್ಟ್, ಪ್ರಿಯಾಕ್ಟ್‌ನಲ್ಲಿ ಸ್ಟೇಟನ್ನು ಬದಲಿಸುವುದಕ್ಕೆ ಅವು ಕೊಟ್ಟ ಫಂಕ್ಷನ್ನನ್ನೇ ಬಳಸಬೇಕು. ಅದನ್ನು ಕರೆದಾಗ ಮಾತ್ರ ಆ ಕಾಂಪೊನೆಂಟ್ ಮತ್ತು ಅದರ ಕೆಳಗಿನವು ಮತ್ತೆ ರೆಂಡರ್ ಆಗುತ್ತವೆ. ಸ್ವೆಲ್ಟ್‌ನದು ಬೇರೆಯದೇ ಹಾದಿ. 2016ರಲ್ಲಿ ರಿಚ್ ಹ್ಯಾರಿಸ್ ತಂದ ಇದು ಒಂದು ಕಂಪೈಲರ್. ಯಾವ ಸಂಖ್ಯೆ ಬದಲಾದರೆ ಪರದೆಯ ಯಾವ ಜಾಗ ಬದಲಾಗಬೇಕು ಅನ್ನುವುದನ್ನು ಪೇಜ್ ಸಿದ್ಧ ಮಾಡುವಾಗಲೇ ಲೆಕ್ಕ ಹಾಕಿ ಆ ಕೋಡನ್ನೇ ಬರೆದಿಡುತ್ತದೆ. ಹಾಳೆಯೂ ಇಲ್ಲ, ಹೋಲಿಕೆಯೂ ಇಲ್ಲ.

ಒಂದೇ ಕ್ಷಣದಲ್ಲಿ ಹತ್ತು ದರ ಬದಲಾದರೆ ಹತ್ತು ಸಲ ರೆಂಡರ್ ಆಗುತ್ತದಾ ಅಂತ ಕೇಳಬಹುದು. ಇಲ್ಲ, ಒಟ್ಟುಗೂಡಿಸಿ ಒಂದೇ ಸಲ ಮಾಡುತ್ತವೆ.

## ಹಗುರ ಅಂದರೆ ಎಷ್ಟು ಹಗುರ

ಪ್ರಿಯಾಕ್ಟ್ ತನ್ನನ್ನು 3 ಕೆಬಿ ಅಂತ ಹೇಳಿಕೊಳ್ಳುತ್ತದೆ. ಮಿಥ್ರಿಲ್ 10 ಕೆಬಿಯ ಆಸುಪಾಸು. ರಿಯಾಕ್ಟನ್ನು ಅದರ ಡಾಮ್ ಭಾಗದ ಜೊತೆ ಸೇರಿಸಿದರೆ 40 ಕೆಬಿ ದಾಟುತ್ತದೆ. ಇವೆಲ್ಲ ಜಿಜಿಪ್ ಮಾಡಿದ, ಅಂದರೆ ಕುಗ್ಗಿಸಿ ಕಳಿಸುವ ಲೆಕ್ಕ.

ಅಂಗಡಿಯ ಒಂದು ಫೋಟೋ ಹಾಕಿದರೆ ಅದೇ 300 ಕೆಬಿ ಆಗುತ್ತದಲ್ಲ, 40 ಕೆಬಿಗೆ ಯಾಕೆ ಇಷ್ಟು ರಗಳೆ ಅಂತ ಅನ್ನಿಸುವುದು ಸಹಜ. ಆದರೆ ಫೋಟೋ ಮತ್ತು ಜಾವಾಸ್ಕ್ರಿಪ್ಟ್ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಫೋಟೋ ಬರುವುದು ತಡವಾದರೂ ಉಳಿದ ಪೇಜ್ ಕೆಲಸ ಮಾಡುತ್ತಿರುತ್ತದೆ. ಜಾವಾಸ್ಕ್ರಿಪ್ಟ್ ಇಳಿದ ಮೇಲೆ ಅದನ್ನು ಹಿಗ್ಗಿಸಬೇಕು, ಓದಬೇಕು, ಕಂಪೈಲ್ ಮಾಡಬೇಕು, ಆಮೇಲೆ ಓಡಿಸಬೇಕು, ಅದು ಓಡುತ್ತಿರುವಷ್ಟು ಹೊತ್ತು ಬೆರಳಿನ ಒತ್ತಿಗೆ ಪೇಜ್ ಉತ್ತರ ಕೊಡುವುದಿಲ್ಲ, ಯಾಕೆಂದರೆ ಎರಡೂ ಕೆಲಸ ನಡೆಯುವುದು ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದಾದ ಮೇಲೆ ಒಂದರಂತೆ ಒಂದೇ ಸರದಿಯಲ್ಲಿ. ಹೊಸ ದುಬಾರಿ ಫೋನಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ ಬೀಳುತ್ತದೆ. ದರದ ಪೇಜ್ ನೋಡುವವರು ಹೊಲದಲ್ಲಿ, ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ನಿಂತು ನೋಡುತ್ತಾರೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. ಹೆಚ್ಚಿನ ಸಲ ಭಾರ ಇರುವುದು ಫ್ರೇಮ್‌ವರ್ಕಿನಲ್ಲಲ್ಲ, ಅದರ ಜೊತೆಗೆ ಎಳೆದು ತಂದ ಸಾಮಾನಿನಲ್ಲಿ. ತಾರೀಕು ತೋರಿಸುವುದಕ್ಕೆ ಒಂದು ಲೈಬ್ರರಿ, ಎರಡು ಐಕಾನಿಗಾಗಿ ಐಕಾನ್‌ಗಳ ಇಡೀ ಮೂಟೆ, ಒಂದು ಗೆರೆಯ ಗ್ರಾಫಿಗೆ ದೊಡ್ಡ ಚಾರ್ಟ್ ಲೈಬ್ರರಿ. 3 ಕೆಬಿಯ ಫ್ರೇಮ್‌ವರ್ಕ್ ಆರಿಸಿ ಅದರ ಮೇಲೆ 300 ಕೆಬಿ ಹೇರಿದರೆ ಏನು ಬಂತು? ತಾರೀಕು, ಕನ್ನಡದ ತಿಂಗಳ ಹೆಸರು, 1,00,000 ಅಂತ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕುವುದು, ಇವೆಲ್ಲ ಇಂಟ್ಲ್ ಅನ್ನುವ ಹೆಸರಿನಲ್ಲಿ ಬ್ರೌಸರಿನ ಒಳಗೇ ಇವೆ. ಬಿಟ್ಟಿ.

## ಕನ್ನಡದ ಪೇಜಿಗೆ ಮಾತ್ರ ಬರುವ ತೊಂದರೆಗಳು

ಕಲಿಸುವ ವಿಡಿಯೋಗಳಲ್ಲಿ ಇದನ್ನು ಹೇಳುವುದಿಲ್ಲ, ಅಲ್ಲಿನ ಉದಾಹರಣೆಗಳೆಲ್ಲ ಇಂಗ್ಲಿಷಿನವು.

ಚಿತ್ರದುರ್ಗ ಅನ್ನುವ ಹೆಸರಿನಲ್ಲಿ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟಿಗೆ ಹತ್ತು. ಗುಣಿತದ ಗುರುತು, ಒತ್ತು ಮಾಡುವ ವಿರಾಮ, ಒತ್ತಕ್ಷರ ಎಲ್ಲವೂ ಅದಕ್ಕೆ ಬೇರೆ ಬೇರೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಹಾಗಾಗಿ ಹೆಸರು ಒಟ್ಟು 30 ಬೈಟ್. ಚಿಕ್ಕ ಪರದೆಗೆ ಹಿಡಿಸಲಿ ಅಂತ ಮೊದಲ ನಾಲ್ಕು ಅಕ್ಷರ ಉಳಿಸಿ ಉಳಿದದ್ದು ಕತ್ತರಿಸು ಅಂದರೆ ಸಿಗುವುದು "ಚಿತ್". ಈ ಕತ್ತರಿಸುವ ಕೆಲಸವನ್ನು ಸಿಎಸ್‌ಎಸ್‌ಗೆ ಬಿಡಿ. ಅದು ಅಕ್ಷರದ ಆಕಾರ ನೋಡಿ ಕತ್ತರಿಸಿ ಚುಕ್ಕಿ ಹಾಕುತ್ತದೆ.

ಅಂಕಿಯದ್ದು ಇನ್ನೊಂದು ಗೋಳು. ಕ್ವಿಂಟಲ್ ಪೆಟ್ಟಿಗೆಯಲ್ಲಿ ಯಾರಾದರೂ ೪೦ ಅಂತ ಕನ್ನಡ ಅಂಕಿಯಲ್ಲಿ ತುಂಬಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ. ಮೊತ್ತದ ಜಾಗದಲ್ಲಿ ಇದು ಸಂಖ್ಯೆಯೇ ಅಲ್ಲ ಅನ್ನುವ ಅರ್ಥದ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಮೊದಲು ಕನ್ನಡ ಅಂಕಿಗಳನ್ನು ಬದಲಿಸಿಕೊಂಡು ಆಮೇಲೆ ಗುಣಿಸಬೇಕು. ಎರಡು ಸಾಲಿನ ಕೆಲಸ, ಮರೆಯುವುದೂ ಅಷ್ಟೇ ಸುಲಭ.

ಮೂರನೆಯದು ಟೈಪ್ ಮಾಡುವಾಗಿನದು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪದ ಆರಿಸುವವರು ಜಾಸ್ತಿ. ಪದ ಆರಿಸುವ ತನಕ ಆ ಬರಹ ಇನ್ನೂ ಕೀಬೋರ್ಡಿನ ಕೈಯಲ್ಲೇ ಇರುತ್ತದೆ, ಅಡಿಗೆರೆ ಹಾಕಿ ತೋರಿಸುತ್ತದಲ್ಲ, ಅದೇ. ಒಂದೊಂದು ಅಕ್ಷರ ಒತ್ತಿದಾಗಲೂ ನಿಮ್ಮ ಕೋಡ್ ಆ ಪೆಟ್ಟಿಗೆಯ ಬರಹವನ್ನು ಶುದ್ಧ ಮಾಡಿ ವಾಪಸ್ ಬರೆದರೆ, ಅರ್ಧಕ್ಕೆ ನಿಂತ ಪದ ತುಂಡಾಗುತ್ತದೆ, ಅಕ್ಷರ ಎರಡೆರಡು ಸಲ ಬರುತ್ತದೆ, ಕರ್ಸರ್ ಎಲ್ಲೋ ಹೋಗಿ ನಿಲ್ಲುತ್ತದೆ. ಪದ ಮುಗಿಯಿತು ಅಂತ ಬ್ರೌಸರ್ ಕಾಂಪೊಸಿಷನ್ ಎಂಡ್ ಅನ್ನುವ ಸೂಚನೆ ಕೊಡುತ್ತದೆ, ಅಲ್ಲಿಯವರೆಗೆ ಪೆಟ್ಟಿಗೆಯನ್ನು ಮುಟ್ಟದೆ ಇರುವುದು ಒಳ್ಳೆಯದು. ಕೆಳಗಿನ ಪಟ್ಟಿಯನ್ನು ಸೋಸಿ ತೋರಿಸುತ್ತಿದ್ದರೆ ಅಡ್ಡಿಯಿಲ್ಲ.

ಫಾಂಟ್ ಬಗ್ಗೆಯೂ ಒಂದು ಮಾತು. ಒತ್ತಕ್ಷರಗಳಿಂದಾಗಿ ಕನ್ನಡದ ಫಾಂಟ್ ಫೈಲ್ ಇಂಗ್ಲಿಷಿನದ್ದಕ್ಕಿಂತ ದೊಡ್ಡದು, ಪುಟ್ಟ ಫ್ರೇಮ್‌ವರ್ಕಿಗಿಂತ ಎಷ್ಟೋ ಪಟ್ಟು ಭಾರ. ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಸಾನ್ಸ್ ಕನ್ನಡ ಸಾಮಾನ್ಯವಾಗಿ ಮೊದಲೇ ಇರುತ್ತದೆ. ದರದ ಪಟ್ಟಿಗೆ ಅದು ಸಾಲದೇ?

## ಎಲ್ಲಿ ಬೇಡವೇ ಬೇಡ

ಬೆಣ್ಣೆದೋಸೆ ಹೋಟೆಲಿನ ಪೇಜಿನಲ್ಲಿ ಏನಿರುತ್ತದೆ? ಮೆನು, ಸಮಯ, ವಿಳಾಸ, ಫೋನ್ ನಂಬರ್, ಎರಡು ಫೋಟೋ. ಇದರಲ್ಲಿ ಕಣ್ಣೆದುರೇ ಬದಲಾಗುವಂಥದ್ದು ಯಾವುದೂ ಇಲ್ಲ. ಬರೀ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಸಾಕು. ದೋಸೆಯ ಬೆಲೆ ಏರಿದಾಗ ಫೈಲಿನಲ್ಲಿ ಒಂದು ಅಂಕಿ ತಿದ್ದಿದರಾಯಿತು. ಇಂಥ ಪೇಜಿಗೂ ರಿಯಾಕ್ಟ್ ಹಾಕಿಕೊಟ್ಟಿದ್ದಾರೆ ಅಂದರೆ ಮಾಡಿದವರಿಗೆ ಅದೊಂದೇ ದಾರಿ ಗೊತ್ತಿದೆ ಅಂತ ಅರ್ಥ.

ಬದಲಾಗುವ ಪೇಜಿನಲ್ಲೂ ಒಂದು ಎಚ್ಚರಿಕೆ ಬೇಕು. ಪೂರ್ತಿ ಪರದೆಯನ್ನು ಜಾವಾಸ್ಕ್ರಿಪ್ಟೇ ಕಟ್ಟುವ ಹಾಗಿದ್ದರೆ ಅದು ಇಳಿಯುವ ತನಕ ಕಾಣುವುದು ಬಿಳಿ ಹಾಳೆ. ನೆಟ್ ಅರ್ಧಕ್ಕೆ ಕೈಕೊಟ್ಟರೆ ಬಿಳಿ ಹಾಳೆಯೇ ಗತಿ. ಬೆಳಗಿನ ದರವನ್ನು ಎಚ್‌ಟಿಎಂಎಲ್‌ನಲ್ಲೇ ಬರೆದು ಕಳಿಸಿ, ಆಮೇಲೆ ಬದಲಾಗುವುದನ್ನು ಮಾತ್ರ ಜಾವಾಸ್ಕ್ರಿಪ್ಟಿಗೆ ಬಿಟ್ಟರೆ ಏನೂ ಇಳಿಯದಿದ್ದರೂ ಒಂದು ದರವಾದರೂ ಕಾಣುತ್ತದೆ.

ಸುರಕ್ಷತೆಯದು ಒಂದೇ ಮಾತು. ಬೇರೆಯವರು ತುಂಬಿದ ಹೆಸರು, ಕಾಮೆಂಟು ಯಾವುದನ್ನೂ ಫ್ರೇಮ್‌ವರ್ಕ್‌ಗಳು ಕೋಡ್ ಅಂತ ಓಡಿಸುವುದಿಲ್ಲ, ಬರೀ ಅಕ್ಷರ ಅಂತ ತೋರಿಸುತ್ತವೆ. ಈ ಕಾವಲನ್ನು ದಾಟುವ ಹಿಂಬಾಗಿಲು ಎಲ್ಲದರಲ್ಲೂ ಇದೆ, ರಿಯಾಕ್ಟ್‌ನಲ್ಲಂತೂ ಅದರ ಹೆಸರೇ ಅಪಾಯ ಅನ್ನುವ ಪದದಿಂದ ಶುರುವಾಗುತ್ತದೆ. ಕಾರಣ ಇಲ್ಲದೆ ಅದನ್ನು ತೆರೆಯಬೇಡಿ.

## ಯಾವುದರಿಂದ ಶುರು ಮಾಡುವುದು

ಕೆಲಸಕ್ಕೆಂದು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ರಿಯಾಕ್ಟ್ ಗೊತ್ತಿರುವುದು ಒಳ್ಳೆಯದು, ಕಂಪನಿಗಳು ಜಾಸ್ತಿ ಕೇಳುವುದು ಅದನ್ನೇ. ಪ್ರಿಯಾಕ್ಟ್ ಬರೆಯುವ ರೀತಿ ಹೆಚ್ಚುಕಮ್ಮಿ ಅದೇ ಆಗಿರುವುದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಬರುತ್ತದೆ. ರಿಯಾಕ್ಟಿಗೆಂದು ಬರೆದ ಎಷ್ಟೋ ಲೈಬ್ರರಿಗಳನ್ನು ಕಾಂಪ್ಯಾಟ್ ಅನ್ನುವ ಅದರ ಒಂದು ಪದರದ ಮೂಲಕ ಪ್ರಿಯಾಕ್ಟ್‌ನಲ್ಲೂ ಓಡಿಸಬಹುದು.

ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳುವ ಆಸೆ ಇದ್ದರೆ ನಾನು ಮಿಥ್ರಿಲ್ ಅನ್ನುತ್ತೇನೆ. ಕೋಡನ್ನು ಬದಲಿಸಿಕೊಡುವ ಬಿಲ್ಡ್ ಟೂಲ್ ಬೇಡ, ಸಾವಿರ ಫೈಲ್ ಬೇಡ. ಒಂದು ಎಚ್‌ಟಿಎಂಎಲ್ ಫೈಲ್, ಅದರಲ್ಲಿ ಮಿಥ್ರಿಲನ್ನು ಕರೆತರುವ ಒಂದು ಸ್ಕ್ರಿಪ್ಟ್ ಸಾಲು, ಕೆಳಗೆ ನಿಮ್ಮ ಕೋಡ್. ಫೈಲಿನ ಮೇಲೆ ಎರಡು ಸಲ ಒತ್ತಿದರೆ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ.

ಈಗಾಗಲೇ ಯಾರೋ ಮಾಡಿಕೊಟ್ಟ ಪೇಜ್ ಇದ್ದರೆ ಅದನ್ನು ಪರೀಕ್ಷಿಸುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ, ಅಲ್ಲೇ ವೇಗವನ್ನು 3ಜಿ ಮಟ್ಟಕ್ಕೆ ಇಳಿಸಿ ಪೇಜನ್ನು ಮತ್ತೆ ತರಿಸಿ. ಯಾವ ಫೈಲ್ ಎಷ್ಟು ಕೆಬಿ, ಎಷ್ಟು ಹೊತ್ತು ಹಿಡಿಯಿತು ಎಲ್ಲ ಸಾಲಾಗಿ ಬರುತ್ತದೆ. ಅಲ್ಲಿ ಜೆಎಸ್ ಅನ್ನುವುದನ್ನು ಮಾತ್ರ ಆರಿಸಿಕೊಂಡರೆ ಜಾವಾಸ್ಕ್ರಿಪ್ಟಿನ ಭಾರ ಎಷ್ಟು ಅಂತ ಗೊತ್ತಾಗುತ್ತದೆ. ಆಮೇಲೆ ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ಅದೇ ಪೇಜ್ ತೆಗೆದು, ಕ್ವಿಂಟಲ್ ಪೆಟ್ಟಿಗೆಯಲ್ಲಿ ಒಂದು ಸಲ 40 ಅಂತಲೂ ಇನ್ನೊಂದು ಸಲ ೪೦ ಅಂತಲೂ ತುಂಬಿ. ದರ ಬದಲಾಗಿ ಹೊಸ ಸಾಲು ಸೇರುವ ತನಕ ಕಾಯ್ದು, ತುಂಬಿದ ಸಂಖ್ಯೆ ಮೊದಲಿದ್ದ ಬೆಳೆಯ ಮುಂದೆಯೇ ಇದೆಯಾ ನೋಡಿ.